ಕೆಲಸ ಇಲ್ಲದೆ ಹೊಸ್ತಿಲು ದಾಟಿದ್ದು

ಈಗಿನವರು ಡಾಕ್ಟರು ಹೇಳಿದರೆಂದು ವಾಕಿಂಗ್ ಹೋಗುತ್ತಾರೆ. ಮನೆಯಿಂದ ಹೊರಗೆ ಕಾಲಿಡಲು ಇವರಿಗೂ ಒಂದು ನೆವ ಬೇಕಲ್ಲ ಎಂದು ನನಗೆ ನಗು ಬರುತ್ತದೆ. ನೆವ ಹುಡುಕುವ ವಿದ್ಯೆಯಲ್ಲಿ ನಾನು ಹದಿಮೂರನೆಯ ವಯಸ್ಸಿಗೇ ಪಳಗಿದವಳು.

ಐವತ್ತರ ದಶಕದ ಕೊನೆಯ ಮಾತು. ಪೆರಾಬೆಯ ನಮ್ಮ ಮನೆಯಲ್ಲಿ ಆಗ ಅಪ್ಪ, ಅಮ್ಮ, ಮದುವೆಯಾಗದ ಚಿಕ್ಕಪ್ಪ ಮತ್ತು ಅಜ್ಜಿ ಇದ್ದರು. ನಾನು ದೊಡ್ಡವಳಾದ ಕೂಡಲೇ ಶಾಲೆ ಬಿಡಿಸಿದರು. ನಾನು ಅತ್ತದ್ದು ಶಾಲೆ ಹೋಯಿತೆಂದಲ್ಲ, ಶಾಲೆಯ ದಾರಿ ಹೋಯಿತೆಂದು. ಆ ದಾರಿಯಲ್ಲಿ ಒಂದು ಗುಡ್ಡೆ ಇತ್ತು, ಸದಾ ಏನಾದರೊಂದು ಗೊಣಗುತ್ತಾ ಹರಿಯುತ್ತಿದ್ದ ತೋಡು ಇತ್ತು, ತೋಡಿನ ದಡದಲ್ಲಿ ಹತ್ತು ಜನ ಕೂರುವಷ್ಟು ಅಗಲದ ಪಾದೆಕಲ್ಲು ಇತ್ತು. ನಾಲ್ಕು ಗೋಡೆಯ ನಡುವೆ ಕೂತರೆ ನನಗೆ ಉಸಿರು ಕಟ್ಟಿದ ಹಾಗಾಗುತ್ತಿತ್ತು. ಹೇಳಿದರೆ ಯಾರು ನಂಬುತ್ತಾರೆ?

ಮನೆಯ ಕಾನೂನು ಅಜ್ಜಿಯದ್ದು. ಜಗಲಿಯ ಕಂಬಕ್ಕೆ ಒರಗಿ ಕೂತು ಅವರು ಹೇಳಿದ್ದು ಇಷ್ಟೇ: "ಇನ್ನು ಕೆಲಸ ಇಲ್ಲದೆ ಹೊಸ್ತಿಲು ದಾಟುದು ಬೇಡ." ಅಜ್ಜಿ ಒಮ್ಮೆ ಹೇಳಿದ ಮೇಲೆ ಅಪ್ಪನೂ ಎದುರಾಡುತ್ತಿರಲಿಲ್ಲ. ಅಜ್ಜ ತೀರಿಹೋದ ಮೇಲೆ ಅಜ್ಜಿ ತಾವೂ ಅಂಗಳ ದಾಟಿದ್ದನ್ನು ನಾನು ನೋಡಿರಲಿಲ್ಲ. ಹಾಗಾಗಿ ಅವರನ್ನು ಕೇಳುವ ಬಾಯಿಯೂ ಯಾರಿಗೂ ಇರಲಿಲ್ಲ.

ನಾನು ಒಲೆಯ ಮುಂದೆ ಕೂತು ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದೆ. ದಾಟಲೇಬಾರದು ಎಂದು ಹೇಳಿರಲಿಲ್ಲ. ಕೆಲಸ ಇಲ್ಲದೆ ದಾಟಬಾರದು ಎಂದದ್ದು. ಸರಿ, ಕೆಲಸ ಇದ್ದರಾಯಿತಲ್ಲ! ವರ್ಷವಿಡೀ ಹೊರಗೆ ನನಗೊಂದು ಕೆಲಸ ಇದ್ದೇ ಇರುವ ಹಾಗೆ ಮಾಡುತ್ತೇನೆ ಎಂದು ಅವತ್ತೇ ಹಟ ತೊಟ್ಟೆ.

ಚಳಿಗಾಲದಲ್ಲಿ ಅಷ್ಟು ಕಷ್ಟವಾಗಲಿಲ್ಲ. ತೋಡಿಗೆ ಮಣ್ಣು ಕಲ್ಲು ಹಾಕಿ ಕಟ್ಟ ಕಟ್ಟುತ್ತಿದ್ದವರಿಗೆ ಮಜ್ಜಿಗೆ ಕೊಂಡುಹೋಗುವವರು ಯಾರಾದರೂ ಬೇಕಿತ್ತು, ನಾನು ಚೆಂಬು ಹಿಡಿದು ನಿಂತುಬಿಟ್ಟೆ. ಆಮೇಲೆ ದನದ ಹಟ್ಟಿಗೆ ಹಾಸಲು ತರಗೆಲೆ ಗುಡಿಸುವ ಹೆಂಗಸರ ಜೊತೆ ಗುಡ್ಡೆಗೆ ಹೋದೆ. ಬೇಸಿಗೆಯಲ್ಲಿ ಬೆಳಕು ಹರಿಯುವ ಮೊದಲೇ ಹಣ್ಣು ಹೆಕ್ಕಲು ಕಾಟುಮಾವಿನ ಮರದಡಿ. ಮತ್ತೆ ಪುನರ್ಪುಳಿ ಹಣ್ಣಿನ ಕಾಲ. ಸಿಪ್ಪೆಯನ್ನು ಅಂಗಳದಲ್ಲಿ ಒಣಗಿಸಿದರೆ ಕೋಳಿ ಕೆದಕುತ್ತದೆ, ತೋಡಿನ ಪಾದೆಯೇ ಒಳ್ಳೆಯದು, ಅಲ್ಲಿ ಕಾಯಲು ಒಬ್ಬರು ಇರಬೇಕು ಎಂದು ಅಮ್ಮನಿಗೆ ಮನದಟ್ಟು ಮಾಡಿದ್ದು ನಾನೇ. ಇಡೀ ಮಧ್ಯಾಹ್ನ ಪಾದೆಯ ಪಕ್ಕದ ನೆರಳಿನಲ್ಲಿ ಕೂತು, ಕೈಬೆರಳೆಲ್ಲ ಕೆಂಪಾಗಿಸಿಕೊಂಡು, ಸಂಜೆ ಸುಸ್ತಾದವಳ ಹಾಗೆ ಮುಖ ಮಾಡಿ ಮನೆಗೆ ಬರುತ್ತಿದ್ದೆ.

ಮಳೆ ಇಳಿಯುವ ಸೋಣ ತಿಂಗಳಲ್ಲಂತೂ ನನ್ನನ್ನು ತಡೆಯುವವರೇ ಇಲ್ಲ. ಆ ತಿಂಗಳು ಪೂರ್ತಿ ನಮ್ಮಲ್ಲಿ ಹೊಸ್ತಿಲು ಪೂಜೆ. ಅಮ್ಮ ದಿನಾ ಹೊಸ್ತಿಲಿಗೆ ಹೂವಿಡಬೇಕು. ಹೂವು ಗುಡ್ಡೆಯಲ್ಲಿ. ಹೊಸ್ತಿಲನ್ನು ಪೂಜಿಸಲಿಕ್ಕಾಗಿ ಹೊಸ್ತಿಲು ದಾಟುವ ಭಾಗ್ಯ! ಹತ್ತಿರದಲ್ಲೇ ಇದ್ದ ಹೂವನ್ನು ಬಿಟ್ಟು ದೂರದ್ದನ್ನು ಕೊಯ್ಯುತ್ತಿದ್ದೆ. ತುಳಸಿ ಪೂಜೆಗೆ ನೆಲ್ಲಿಯ ಗೆಲ್ಲು ಬೇಕೆಂದಾಗಲೂ ಹಾಗೆಯೇ, ಕಾಯಿ ತುಂಬಿದ ಗೆಲ್ಲೇ ಆಗಬೇಕೆಂದು ಎರಡು ಗುಡ್ಡೆ ಸುತ್ತಿದೆ.

ನನ್ನನ್ನು ಆಟ ಆಡಿಸಿದ್ದು ಆಟಿ ತಿಂಗಳು ಒಂದೇ. ಆಕಾಶ ತೂತು ಬಿದ್ದ ಹಾಗೆ ಮಳೆ. ಹೊರಗಿನ ಕೆಲಸವೆಲ್ಲ ನಿಂತು, ಮನೆಮಂದಿ ಒಳಗೆ ಹಪ್ಪಳ ಸುಟ್ಟು ತಿನ್ನುತ್ತಾ ಕೂರುವ ಕಾಲ. ಆದರೆ ಹಟ ಹಟವೇ. ಮಳೆಗೆ ತಲೆ, ಬೆನ್ನು ಎರಡನ್ನೂ ಮುಚ್ಚುವ ಎಲೆಯ ಗೊರಬೆ ಹಾಕಿಕೊಂಡು ಕೆಸುವಿನೆಲೆ ಕೊಯ್ಯಲು ಹೊರಟೆ. ದಿನಾ ಹೊರಟೆ. ಆ ಎಲೆಯ ಪತ್ರೊಡೆ ತಿಂದು ತಿಂದು, ಬುಟ್ಟಿ ಕಂಡರೇ ಮನೆಯವರಿಗೆ ಗಂಟಲು ತುರಿಸುವ ಹಾಗಾಯಿತು. "ಮಾರಾಯ್ತಿ, ಇವತ್ತೊಂದು ದಿನ ಬಿಡು," ಎಂದು ಅಮ್ಮ ಕೈಮುಗಿದಳು. ನಾನು ಮರುದಿನ ಎಳೆ ಬಿದಿರಿನ ಕಣಿಲೆ ಹುಡುಕಲು ಹೋದೆ.

ಹೀಗೆ ಒಂದು ವರ್ಷ ಗೆದ್ದೆ. ಸಿಕ್ಕಿಬಿದ್ದದ್ದು ಎರಡನೆಯ ಆಟಿಯಲ್ಲಿ.

ಅವತ್ತು ಬುಟ್ಟಿ ತುಂಬುವಷ್ಟರಲ್ಲಿ ಮಳೆ ಥಟ್ಟನೆ ನಿಂತು ಬಿಸಿಲು ಬಂತು. ಆಟಿಯ ಬಿಸಿಲಿಗೆ ಪಾದೆಯಿಂದ ಹಬೆ ಏಳುತ್ತಿತ್ತು. ಕಲ್ಲಿನ ಗುಂಡಿಗಳಲ್ಲಿ ನಿಂತ ನೀರಿನ ಸುತ್ತ ಸಾಸಿವೆಯಷ್ಟು ಸಣ್ಣ ನೀಲಿ ಹೂವು. ತೋಡು ಕೆಂಪು ನೀರು ತುಂಬಿ ಅಬ್ಬರಿಸುತ್ತಿತ್ತು. ಗೊರಬೆ ಕಳಚಿಟ್ಟು, ಕಾಲು ಚಾಚಿ ಕೂತೆ. ಎಷ್ಟು ಹೊತ್ತು ಕೂತೆನೋ ತಿಳಿಯದು. ನನ್ನಷ್ಟು ಸುಖಿ ಲೋಕದಲ್ಲಿ ಯಾರೂ ಇಲ್ಲ ಅನ್ನಿಸಿತ್ತು.

ನೆಲ್ಯಾಡಿಗೆ ಹೋಗಿದ್ದ ಚಿಕ್ಕಪ್ಪ ಅದೇ ದಾರಿಯಲ್ಲಿ ಬಂದರು. ನನ್ನನ್ನು ನೋಡಿದರು, ದಾಪುಗಾಲಿಡುತ್ತಾ ಮುಂದೆ ಹೋದರು. ನಾನು ಮನೆ ಮುಟ್ಟುವಾಗ ಜಗಲಿಯಲ್ಲಿ ವಿಚಾರಣೆ ಶುರುವಾಗಿತ್ತು. ಚಿಕ್ಕಪ್ಪ ಅಜ್ಜಿಗೆ ಹೇಳುತ್ತಿದ್ದರು:

"ಅಮ್ಮ, ಇವಳ ಕೆಲಸ ಎಂತದ್ದು ಅಂತ ಕೇಳಿ ನೋಡು. ಬುಟ್ಟಿ ತುಂಬಿ ಯಾವಾಗ್ಲೋ ಆಗಿದೆ. ಪಾದೆಯ ಮೇಲೆ ರಾಣಿಯ ಹಾಗೆ ಕೂತಿದ್ದಾಳೆ! ನಾಲ್ಕು ಜನ ಕಂಡ್ರೆ ಎಂತ ಹೇಳುದಿಲ್ಲ? ಇವಳನ್ನು ಪುತ್ತೂರಿಗೆ ಅಕ್ಕನ ಮನೆಗೆ ಕಳಿಸುವ. ಹೊಲಿಗೆಯಾದ್ರೂ ಕಲೀಲಿ."

ಪುತ್ತೂರಿನ ಸೋದರತ್ತೆಯ ಮನೆ ಪೇಟೆಯ ನಡುವೆ. ಕಿಟಕಿ ತೆರೆದರೆ ಪಕ್ಕದ ಅಂಗಡಿಯ ಗೋಡೆ. ಅತ್ತೆ ಒಳ್ಳೆಯವರೇ. ಆದರೆ ಅಲ್ಲಿ ಯಾವ ನೆವ ಹೇಳಿದರೂ ಹೋಗುವುದಾದರೂ ಎಲ್ಲಿಗೆ? ಅಪ್ಪ ಅಜ್ಜಿಯ ಮುಖ ನೋಡಿದರು. ಎಲ್ಲ ಅಜ್ಜಿಯ ಕೈಯಲ್ಲಿತ್ತು.

"ಪಾದೆಯ ಮೇಲೆ ಎಂತ ಮಾಡ್ತಾ ಇದ್ದೆ?" ಎಂದು ಅಜ್ಜಿ ಕೇಳಿದರು.

ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಕೆಸುವಿನೆಲೆಯ ನೀರು ಬಸಿಯಲಿ ಎಂದು ಕಾಯುತ್ತಿದ್ದೆ ಅಂದಿದ್ದರೆ ಮುಗಿಯುತ್ತಿತ್ತು. ಅಮ್ಮ ಬಾಗಿಲ ಮರೆಯಿಂದ ಹಾಗೆ ಏನಾದರೂ ಹೇಳು ಎಂದು ಕಣ್ಣಲ್ಲೇ ಬೇಡುತ್ತಿದ್ದಳು. ಆದರೆ ನನಗೆ ರೇಗಿಹೋಗಿತ್ತು. ಒಂದೂವರೆ ವರ್ಷ ಮಜ್ಜಿಗೆ ಹೊತ್ತು, ತರಗೆಲೆ ಹೊತ್ತು, ಬಿಸಿಲಿಗೂ ಗಾಳಿಗೂ ಕೂಲಿ ಕೊಟ್ಟ ಹಾಗಾಗಿತ್ತು. ಯಾಕೆ ಕೊಡಬೇಕು?

"ಎಂತದೂ ಮಾಡ್ಲಿಲ್ಲ," ಎಂದೆ. "ಸುಮ್ಮನೆ ಕೂತಿದ್ದೆ. ಅಲ್ಲಿ ಕೂತ್ರೆ ನಂಗೆ ಖುಷಿ ಆಗ್ತದೆ. ಪುತ್ತೂರಿಗೆ ನಾನು ಹೋಗುದಿಲ್ಲ."

ಅಜ್ಜಿಗೆ ಹಾಗೆ ಎದುರುತ್ತರ ಕೊಟ್ಟವರು ಆ ಮನೆಯಲ್ಲಿ ಇರಲಿಲ್ಲ. ಅವರು ನನ್ನನ್ನೇ ನೋಡಿ, ತೀರ್ಪು ಕೊಡದೆ ಎದ್ದು ಒಳಗೆ ಹೋದರು. ಅಂದು ಊಟಕ್ಕೂ ಸರಿಯಾಗಿ ಕೂರಲಿಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡು ಚಿಕ್ಕಪ್ಪ ಮರುದಿನದ ಬಸ್ಸಿನ ಹೊತ್ತು ವಿಚಾರಿಸಿಕೊಂಡು ಬಂದರು.

ಬೆಳಿಗ್ಗೆ ಮತ್ತೆ ಬಿಸಿಲಿತ್ತು. ಅಮ್ಮ ನನ್ನ ಬಟ್ಟೆ ಮಡಚುತ್ತಿದ್ದಳು. ಅಜ್ಜಿ ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡು ಹೊಸ್ತಿಲ ಬಳಿ ಬಂದು ನಿಂತರು.

"ಬಾ," ಎಂದರು ನನಗೆ.

"ಎಲ್ಲಿಗೆ ಅಜ್ಜಿ?"

"ಆ ಪಾದೆಗೆ."

"ಅಲ್ಲಿ ಎಂತ ಕೆಲಸ?"

"ಕೆಲಸ ಎಂತದೂ ಇಲ್ಲ," ಎಂದರು ಅಜ್ಜಿ. "ಸುಮ್ಮನೆ."

ಅವರು ಸೀರೆಯ ನೆರಿಗೆ ಎತ್ತಿ ಹಿಡಿದು ಹೊಸ್ತಿಲು ದಾಟಿದರು. ಅಂಗಳವನ್ನೂ ದಾಟಿದರು. ಅಪ್ಪ ಬಾಯಿ ತೆರೆದು ಹಾಗೆಯೇ ಮುಚ್ಚಿದ್ದು ನನಗೆ ಕಂಡಿತು. ದಾರಿಯಲ್ಲಿ ಪಾಚಿ ಜಾರುತ್ತಿತ್ತು. ನನ್ನ ತೋಳನ್ನು ಅವರು ಹಿಡಿದ ಬಿಗಿಗೆ ಉಗುರಿನ ಗುರುತು ಬಿತ್ತು. ಪಾದೆ ಮುಟ್ಟಿ, ಉಸಿರು ಬಿಟ್ಟು, ನಾನು ಕೂತಿದ್ದ ಹಾಗೆಯೇ ಕಾಲು ಚಾಚಿ ಕೂತರು. ತೋಡಿನ ಆಚೆ ಈಚೆ ಕಣ್ಣಾಡಿಸಿದರು. ಆಮೇಲೆ, "ಇಲ್ಲೊಂದು ನೇರಳೆ ಮರ ಇತ್ತು, ಕಡಿದ್ರಾ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ನಾನು ಹುಟ್ಟಿದ ಮೇಲೆ ಅಲ್ಲಿ ನೇರಳೆ ಮರವೇ ಇರಲಿಲ್ಲ.

ಹುಡುಕಿಕೊಂಡು ಚಿಕ್ಕಪ್ಪ ಬಂದರು. ಬಸ್ಸಿಗೆ ಹೊರಡಲು ಬಿಳಿ ಅಂಗಿ ತೊಟ್ಟಿದ್ದರು.

"ಅಮ್ಮ! ಇಲ್ಲಿ ಎಂತ ಮಾಡುದು?"

"ಕಾಣುದಿಲ್ವಾ? ಕೂತದ್ದು."

"ಬಸ್ಸಿಗೆ ಹೊತ್ತಾಯ್ತಲ್ಲ, ಇವಳನ್ನು..."

"ಇವಳನ್ನು ಪುತ್ತೂರಿಗೆ ಕಳಿಸಿದ್ರೆ ನನ್ನನ್ನು ಇಲ್ಲಿಗೆ ಕರ್ಕೊಂಡು ಬರುದು ಯಾರು? ನೀನಾ?"

ಚಿಕ್ಕಪ್ಪ ಬಂದ ದಾರಿಯಲ್ಲೇ ಹಿಂದೆ ಹೋದರು. ನನಗೆ ಅಳು ಬಂತು, ಅಜ್ಜಿ ಅದನ್ನು ನೋಡದವರ ಹಾಗೆ ಕೂತಿದ್ದರು. ಗುಡ್ಡೆಯ ಆಚೆ ಮತ್ತೆ ಮೋಡ ಕಪ್ಪಾಗುತ್ತಿತ್ತು.

"ನಾಳೆ ಮಳೆ ಬಂದ್ರೆ ಅಜ್ಜಿ?"

"ನಿನ್ನ ಗೊರಬೆ ಉಂಟಲ್ಲ," ಎಂದರು. "ನನಗೊಂದು ಮಾಡಿಸಿದ್ರಾಯ್ತು."