ಕೋಟೆಯ ಮೇಲೆ ಅವ್ವನನ್ನು ಮರೆತ ಸಂಜೆ

ಅವ್ವ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ಮೇಲೆ ನಾನು ಮನೆಯಿಂದ ಹೊರಗೆ ಹೋಗುವುದೇ ಅಪರೂಪವಾಗಿತ್ತು. ಒಂದು ಸಂಜೆ ಪಕ್ಕದ ಮನೆಯಾಕೆಯನ್ನು ಅವಳ ಹತ್ತಿರ ಕೂರಿಸಿ, ಗುಳಿಗೆ ತರಲು ಹೊರಟವಳು ಬಳ್ಳಾರಿ ಕೋಟೆಯ ಮೆಟ್ಟಿಲು ಹತ್ತಿಬಿಟ್ಟೆ. ಮೇಲೆ ಬುರುಜಿನ ಕಲ್ಲು ಇನ್ನೂ ಬೆಚ್ಚಗಿತ್ತು. ಅದಕ್ಕೆ ಬೆನ್ನು ಕೊಟ್ಟು ಕುಳಿತೆ. ಬೀಸುವ ಗಾಳಿಗೆ ತಲೆಯೊಳಗಿನ ಗದ್ದಲವೆಲ್ಲ ಇಳಿಯಿತು. ಎಷ್ಟೋ ತಿಂಗಳ ಮೇಲೆ ಹಾಡೊಂದನ್ನು ಗುನುಗಿದೆ. ಅವ್ವನ ನೆನಪೇ ಆಗಲಿಲ್ಲ.

ಮನೆಗೆ ಬಂದಾಗಲೇ ಗುಳಿಗೆ ಮರೆತದ್ದು ಗೊತ್ತಾಯಿತು.

"ಕ್ವಾಟಿ ಮ್ಯಾಲೆ ಹೋಗಿದ್ನವ್ವಾ," ಎಂದೆ, ತಲೆ ತಗ್ಗಿಸಿ.

ಅವ್ವ ತೊದಲುತ್ತ, "ಅದಕ್ಕ ನಿನ್ನ ಮಾರಿಗೆ ಕಳಿ ಬಂದೈತಿ. ನಾಳಿನೂ ಹೋಗಿ ಬಾ," ಎಂದಳು.

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಗುಳಿಗೆ ತರಲು ಮತ್ತೆ ಹೊರಟಾಗ ಅವಳ ಮುಖ ನೋಡಲಾಗಲಿಲ್ಲ. ಆದರೂ ಮರುದಿನ ಹೋದೆ, ನಾಚಿಕೆಪಡುತ್ತಲೇ.