ಗಮೇಲಾದ ತಳ ನೋಡುವ ಕಾಂತಾಬಾಯಿ

ಭಾನುವಾರ ಬೆಳಗಿನ ಐದೂಕಾಲು. ಬೀದರಿನ ಹಳೆ ಊರಿನ ಬೆನ್ನಿಗಿರುವ ತಗಡಿನ ಲಾಯದಲ್ಲಿ ಆರು ಕುದುರೆಗಳು ಕಾಲು ಬದಲಿಸುತ್ತ ನಿಂತಿವೆ. ಕಾಂತಾಬಾಯಿ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮೊದಲನೆಯ ಕುದುರೆಯ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ನಿನ್ನೆ ಸಂಜೆ ಹುರುಳಿ, ಓಟ್ಸು, ಹೊಟ್ಟು ಕಲಸಿ ಇಟ್ಟಿದ್ದ ಗಮೇಲಾ ಅಲ್ಲಿದೆ. ಗಾರೆ ಕೆಲಸದವರು ಹೊರುತ್ತಾರಲ್ಲ, ಅಂಥದೇ ಅಗಲ ಕಬ್ಬಿಣದ ಬುಟ್ಟಿ. ಅವರು ದೀಪ ಹಚ್ಚುವುದಿಲ್ಲ. ಬುಟ್ಟಿಯೊಳಗೆ ಕೈಯಿಟ್ಟು, ತಳದ ಸುತ್ತ ಬೆರಳಾಡಿಸಿ, ಲಾಯದ ಕೊನೆಗೂ ಕೇಳುವಂತೆ ಕೂಗುತ್ತಾರೆ: "ಮೋತಿ, ಸಾಫ್!"

ಸಾಫ್ ಎಂದರೆ ರಾತ್ರಿಯ ಮೇವು ಪೂರಾ ಖಾಲಿ, ಕುದುರೆ ಚೆನ್ನಾಗಿದೆ ಎಂದರ್ಥ. ಎರಡನೆಯದು ಸಾಫ್, ಮೂರನೆಯದು ಸಾಫ್. ಐದರ ತನಕ ಕೂಗು ಒಂದೇ ದನಿಯಲ್ಲಿ ಸಾಗುತ್ತದೆ. ಆರನೆಯದು ಚಾಂದನಿ, ಹಾಲುಬಣ್ಣದ ಏಳು ವರ್ಷದ ಹೆಣ್ಣು ಕುದುರೆ. ಅದರ ಗಮೇಲಾದೊಳಗೆ ಹೋದ ಕೈ ಅಲ್ಲೇ ನಿಲ್ಲುತ್ತದೆ.

"ಚಾಂದನಿ," ಎನ್ನುತ್ತಾರೆ ಕಾಂತಾಬಾಯಿ. ಸ್ವಲ್ಪ ತಡೆದು, ಅಷ್ಟೇ ಗಟ್ಟಿಯಾಗಿ, "ಉಳದದ. ಎರಡು ಮುಷ್ಟಿ ಉಳದದ."

ಲಾಯದ ಮಾಲೀಕ ಶಿವಕಾಂತ ಬೀದಿದೀಪದ ಬೆಳಕು ಬೀಳುವ ಬಾಗಿಲಲ್ಲಿ ಹೊಸ ಲಗಾಮು ಹಿಡಿದು ನಿಂತಿದ್ದಾರೆ. ಅವರ ಮುಖ ನೋಡಿದರೆ ಯಾರೋ ತಣ್ಣೀರು ಎರಚಿದಂತಿದೆ. ಯಾಕೆಂದರೆ ಇದು ದಿನದಂಥ ಬೆಳಗಲ್ಲ. ಹನ್ನೊಂದು ಗಂಟೆಗೆ ಔರಾದದ ಆಚೆ, ಗಡಿ ದಾಟಿದ ಮೇಲೆ ಸಿಗುವ ಒಂದು ಊರಿನ ಕಡಲೆ ಕೊಯ್ದ ಹೊಲದಲ್ಲಿ ಕುದುರೆ ಓಟವಿದೆ. ಮದುವೆಯ ಮೆರವಣಿಗೆಗೆ ವರನನ್ನು ಹೊರುವ ಬೀದರಿನ ಕುದುರೆಯೊಂದು ಆ ಓಟಕ್ಕೆ ಇಳಿಯುವುದು ಇದೇ ಮೊದಲು. ಮೂರು ತಿಂಗಳಿಂದ ಶಿವಕಾಂತ ಅದನ್ನು ದಿನಾ ಓಡಿಸಿ ಹದ ಮಾಡಿದ್ದಾರೆ. ಗಾಂಧಿ ಗಂಜ ಮಾರುಕಟ್ಟೆಯ ಹಮಾಲರಿಂದ ಹಿಡಿದು ಕಮಲನಗರದ ಬೇಳೆ ವ್ಯಾಪಾರಿಗಳ ತನಕ ಎಷ್ಟೋ ಮಂದಿ ಚಾಂದನಿಯ ಮೇಲೆ ಪಂಥ ಕಟ್ಟಿದ್ದಾರೆ. ಸುಳ್ಳು ಯಾಕೆ ಹೇಳಲಿ, ಕಾಂತಾಬಾಯಿಯ ಬಗ್ಗೆ ಬರೆಯಲು ಬಂದ ನನ್ನದೂ ಇನ್ನೂರು ರೂಪಾಯಿ ಇದೆ.

ಕಾಂತಾಬಾಯಿಗೆ ಈಗ ಐವತ್ತೆಂಟು. ಭಾಲ್ಕಿ ತಾಲೂಕಿನ ಮೆಹಕರದ ಕುರಿ ಸಾಕುವ ಮನೆಯ ಮಗಳು. ಸಾಲಿಗೆ ಹೋದದ್ದು ಎರಡು ವರ್ಷ, ಕುರಿಯ ಹಿಂದೆ ಹೋದದ್ದು ಹತ್ತು ವರ್ಷ. ಮದುವೆಯಾದ ಮೇಲೆ ಗಂಡ ಹಣಮಂತಪ್ಪನವರ ಜೊತೆ ಹೈದರಾಬಾದಿಗೆ ಹೋದರು. ಗಂಡ ರೇಸ್ ಕುದುರೆಗಳ ಲಾಯವೊಂದರಲ್ಲಿ ಕುದುರೆ ನೋಡಿಕೊಳ್ಳುವ ಸಾಯಿಸ್, ಹೆಂಡತಿ ಅಲ್ಲೇ ಲದ್ದಿ ಬಳಿಯುವ, ಗಮೇಲಾ ತೊಳೆಯುವ ಕೆಲಸದವಳು. ಹತ್ತೊಂಬತ್ತು ವರ್ಷ ಅಲ್ಲಿ ದುಡಿದು ಬೀದರಿಗೆ ಬಂದರು. ಕುದುರೆ ಒದ್ದ ಮೊಣಕಾಲಿನಿಂದಾಗಿ ಹಣಮಂತಪ್ಪ ಈಗ ಕೂತಲ್ಲೇ ಲಗಾಮು, ಜೀನು ಹೊಲಿಯುತ್ತಾರೆ. ಓಡಾಟದ ಕೆಲಸವೆಲ್ಲ ಹೆಂಡತಿಯದು.

ಓಡಾಟ ಎಷ್ಟು ಎಂದು ಒಂದು ದಿನ ನಾನೇ ಎಣಿಸಿದೆ. ಮೂವತ್ತೆರಡು ಕೊಡ ನೀರು. ಕುದುರೆ ಮಸಾಲೆ ಎಂದು ಕರೆಯುವ ಹಸಿರು ಮೇವಿನ ಇಪ್ಪತ್ತು ಸಿವುಡು, ಅದೂ ಊರ ಹೊರಗಿನ ತೋಟದಿಂದ ತಲೆಹೊರೆ. ಬುಟ್ಟಿ ಬುಟ್ಟಿ ಲದ್ದಿ. ಎಣಿಸುತ್ತ ಹಿಂದೆ ತಿರುಗಿದ ನನಗೆ ಹನ್ನೊಂದು ಗಂಟೆಗೇ ಸೊಂಟ ಹಿಡಿಯಿತು. "ಪೆನ್ನು ಹಿಡದು ದಣಿದ್ರಿ ಏನ್ರಿ?" ಎಂದು ಕೇಳಿ, ಅವರು ಇನ್ನೊಂದು ಕೊಡ ಎತ್ತಿಕೊಂಡು ಹೋದರು.

ಆದರೆ ಕಾಂತಾಬಾಯಿಯ ಹೆಸರು ನಾಲ್ಕು ಜನಕ್ಕೆ ಗೊತ್ತಿರುವುದು ಕೊಡ ಹೊತ್ತದ್ದಕ್ಕಲ್ಲ, ಆ ಗಮೇಲಾದ ತಳಕ್ಕೆ. ಇದನ್ನು ನನಗೆ ತಿಳಿಸಿದವರು ಭಾಲ್ಕಿಯ ಭಾಲಚಂದ್ರ ಮಾಸ್ತರರು. ಗಣಿತ ಕಲಿಸಿ ನಿವೃತ್ತರಾದವರು. ಮೂವತ್ತು ವರ್ಷದಿಂದ ರೇಸಿನ ದಿನ ಬೆಳಗಿನ ರೈಲು ಹತ್ತಿ ಹೈದರಾಬಾದಿಗೆ ಹೋಗುವವರು. ಅವರ ಬಳಿ ಇಲ್ಲದ ತಂತ್ರವಿಲ್ಲ. ಜನರ ಮೊದಲ ಮೆಚ್ಚಿನ ಕುದುರೆ ಬಿಟ್ಟು ಎರಡನೆಯದರ ಮೇಲೆ ಕಟ್ಟುವುದು ಒಂದು. ಸೋತರೆ ಮುಂದಿನ ಓಟಕ್ಕೆ ದುಪ್ಪಟ್ಟು ಹಾಕುವುದು ಇನ್ನೊಂದು. ಮಳೆ ಬಂದ ಮರುದಿನಕ್ಕೆ ಬೇರೆ ಸೂತ್ರ, ಸವಾರ ಬದಲಾದರೆ ಮತ್ತೊಂದು. ಇಷ್ಟೆಲ್ಲ ಲೆಕ್ಕಾಚಾರದ ಫಲವಾಗಿ ಅವರ ಮನೆಗೆ ಇನ್ನೂ ಮಾಳಿಗೆ ಏರಿಲ್ಲ. ಅವರು ಅದನ್ನು ನಕ್ಕೇ ಹೇಳುತ್ತಾರೆ. "ದುಪ್ಪಟ್ಟು ಹಾಕೋ ತಂತ್ರ ಕಾಗದದ ಮ್ಯಾಲ ಎಂದೂ ಸೋಲಂಗಿಲ್ರಿ. ಕಿಸೆ ಮಾತ್ರ ನಾಲ್ಕನೇ ಸಲಕ್ಕ ಸೋಲ್ತದ."

ಅವರು ಕಂಡ ಎಲ್ಲ ತಂತ್ರಗಳಲ್ಲಿ ಕೈಕೊಡದೆ ಇದ್ದದ್ದು ಒಂದೇ ಅಂತೆ: ಹಿಂದಿನ ರಾತ್ರಿ ಮೇವು ಬಿಟ್ಟ ಕುದುರೆಯ ತಂಟೆಗೆ ಹೋಗಬಾರದು. ಓಡಲಾರದ ಕುದುರೆ ಮೊದಲು ಹೊಟ್ಟೆಯಲ್ಲೇ ಹೇಳುತ್ತದೆ. ಇದು ಲಾಯದವರಿಗಷ್ಟೇ ಗೊತ್ತಾಗುವ ಸುದ್ದಿ. ಹಾಗಾಗಿ ಓಟದ ಬೆಳಗ್ಗೆ ಲಾಯದ ಗೋಡೆಯಾಚೆ ಜೂಜಿನ ಮಂದಿ ಕಿವಿ ಹಚ್ಚಿ ನಿಲ್ಲುತ್ತಿದ್ದರು. ಒಳಗಿಂದ ಒಬ್ಬ ಹೆಂಗಸಿನ ಕೂಗು ಬರುತ್ತಿತ್ತು. ಯಾವ ಹೆಸರಿನ ಮುಂದೆ ಸಾಫ್ ಬರಲಿಲ್ಲವೋ ಆ ಕುದುರೆಯನ್ನು ಅವರು ಪುಸ್ತಕದಲ್ಲಿ ಹೊಡೆದು ಹಾಕುತ್ತಿದ್ದರು. ಆ ಕೂಗಿನ ಒಡತಿ ತಮ್ಮದೇ ತಾಲೂಕಿನವಳು ಎಂದು ಮಾಸ್ತರರಿಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಈ ವಿದ್ಯೆ ಎಲ್ಲಿಯದು ಎಂದು ಕೇಳಿದರೆ ಕಾಂತಾಬಾಯಿ ಅಪ್ಪನ ಕಡೆ ಕೈ ತೋರಿಸುತ್ತಾರೆ. "ನಮ್ಮಪ್ಪ ಹೇಳ್ತಿದ್ದರಿ, ಮನಶಾ ಸುಮ್ಮಸುಮ್ಮನ ಊಟ ಬಿಡ್ತಾನ, ಸಿಟ್ಟಿಗಿ ಬಿಡ್ತಾನ. ಕುರಿ ಸುಮ್ಮನ ಬಿಡಂಗಿಲ್ಲ ಅಂತ. ಕುದ್ರಿನೂ ಅಷ್ಟ." ಈಗಲೂ ಮೊಬೈಲಿನಲ್ಲಿ ಓಟದ ಪಟ್ಟಿ ಹಿಡಿದು ಬರುವವರಿದ್ದಾರೆ. ಅವರಿಗೆ ಸಿಗುವ ಉತ್ತರ ಒಂದೇ: "ಅದರ ಗಮೇಲಾ ತಂದೀಯೇನು? ಇಲ್ಲಂದ್ರ ನಾ ಹ್ಯಾಂಗ ಹೇಳ್ಲಿ?"

ಇನ್ನು ಆ ಭಾನುವಾರಕ್ಕೆ ಬರೋಣ. ಶಿವಕಾಂತ ಪಶುವೈದ್ಯೆ ಕೇತಕಿಯವರಿಗೆ ಫೋನು ಮಾಡುತ್ತಾರೆ. ಏಳು ಗಂಟೆಗೆ ಅವರು ಸ್ಕೂಟರಿನಲ್ಲಿ ಬಂದು ಜ್ವರ ನೋಡುತ್ತಾರೆ, ಹಲ್ಲು ನೋಡುತ್ತಾರೆ, ನಾಲ್ಕೂ ಕಾಲನ್ನು ಗೊರಸಿನವರೆಗೆ ಒತ್ತಿ ನೋಡುತ್ತಾರೆ. ನಡೆಸುತ್ತಾರೆ, ತಿರುಗಿಸುತ್ತಾರೆ. "ನನಗ ಏನೂ ಸಿಗವಲ್ದು," ಎನ್ನುತ್ತಾರೆ. "ಆದ್ರ ಏನೂ ಇಲ್ಲ ಅಂತ ಬರದು ಕೊಡಾಕ ನನ್ನ ಕೈಲಿ ಆಗಂಗಿಲ್ಲ."

ಶಿವಕಾಂತರಿಗೆ ಮೊದಲನೆಯ ವಾಕ್ಯ ಸಾಕು. ಕುದುರೆ ಒಯ್ಯುವ ವಾಹನ ಹೊರಗೆ ನಿಂತಿದೆ. ಅವರು ಲಗಾಮು ಹಿಡಿದು ಮುಂದೆ ಬರುತ್ತಾರೆ. "ಕಾಕಿ, ಡಾಕ್ಟರೇ ಏನೂ ಇಲ್ಲ ಅಂದ್ರು. ಮೂರು ತಿಂಗಳ ಮೈ ಮುರದೀನಿ. ಎರಡು ಮುಷ್ಟಿ ಹುರಳಿ ಸಲುವಾಗಿ ಬಿಡಂತಿ ಏನು? ಮಂದಿಗಿ ಏನ್ ಮಾರಿ ತೋರಿಸ್ಲಿ?"

"ಕುದ್ರಿ ನಿಂದು. ಹಗ್ಗ ನಿನ್ನ ಕೈಯಾಗ ಅದ," ಎನ್ನುತ್ತಾರೆ ಕಾಂತಾಬಾಯಿ. "ಒಯ್ದಿ ಅಂದ್ರ ನಾಳಿಂದ ನಾ ಬರಂಗಿಲ್ಲ."

ಈ ಕೆಲಸ ಬಿಟ್ಟರೆ ಆ ಮನೆಗೆ ಬೇರೆ ದಾರಿ ಇಲ್ಲವೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಆದರೂ ಶಿವಕಾಂತ ಲಗಾಮು ಕೆಳಗಿಡುವುದಿಲ್ಲ. ಆಗ ಮೂಲೆಯಲ್ಲಿ ಜೀನು ಹೊಲಿಯುತ್ತಿದ್ದ ಹಣಮಂತಪ್ಪ, ದಾರ ಎಳೆಯುವುದನ್ನು ನಿಲ್ಲಿಸಿ ಮಾತಾಡುತ್ತಾರೆ. "ಶಿವಕಾಂತ, ಆಕಿ ಮಾತು ಕೇಳಪ. ಒಮ್ಮಿ ಆಕಿ ನನ್ನ ಮಾರಿ ನೋಡಿ ಸುಳ್ಳು ಕೂಗಿದ್ಲು."

ಕಾಂತಾಬಾಯಿ ಆ ಕಡೆ ಮುಖ ತಿರುಗಿಸುತ್ತಾರೆ. ಬಳಿಕ ತಾವೇ ಹೇಳುತ್ತಾರೆ, ನಮ್ಮನ್ನಲ್ಲ, ಚಾಂದನಿಯ ಕುತ್ತಿಗೆಯನ್ನು ನೋಡುತ್ತ. ಹೈದರಾಬಾದಿನಲ್ಲಿ ಗುಲ್ನಾರ ಎಂಬ ಕುದುರೆ ಇತ್ತು. ಹಣಮಂತಪ್ಪ ಅದನ್ನು ಮರಿಯಿಂದ ಸಾಕಿದ್ದರು. ಅದರ ಮೊದಲ ದೊಡ್ಡ ಓಟದ ದಿನ ಅವರು ಹೊಸ ಅಂಗಿ ತೊಟ್ಟು, ಬೆಳಗಾಗುವ ಮೊದಲೇ ಅದರ ಮೈ ತಿಕ್ಕಿ ಹೊಳಪು ಬರಿಸಿ, ಹೆಂಡತಿಯ ಕೂಗಿಗೆ ಕಾಯುತ್ತ ನಿಂತಿದ್ದರು. ಗಮೇಲಾದ ತಳದಲ್ಲಿ ಓಟ್ಸು ಉಳಿದಿತ್ತು. ಉಳಿದಿದೆ ಎಂದು ಕೂಗಿದರೆ ಕುದುರೆಯನ್ನು ಓಟದಿಂದ ತೆಗೆಯುತ್ತಾರೆ.

"ಇವರ ಮಾರಿ ನೋಡ್ದೆರಿ. ಅಷ್ಟು ಖುಷಿ ನಾ ಎಂದೂ ನೋಡಿದ್ದಿಲ್ಲ, ನಮ್ಮ ಲಗ್ನದಾಗೂ ನೋಡಿದ್ದಿಲ್ಲ. ಉಳದದ್ದು ಉಡಿಯಾಗ ಕಟಗೊಂಡೆ. ಸಾಫ್ ಅಂತ ಕೂಗ್ದೆ."

ತಿರುವಿನಲ್ಲಿ ಗುಲ್ನಾರದ ಮುಂಗಾಲು ಮುರಿಯಿತು. ಸುತ್ತ ಪರದೆ ಹಿಡಿದರು. ಕುದುರೆಗೆ ಪರದೆ ಹಿಡಿದರೆ ಅದು ಮತ್ತೆ ಏಳುವುದಿಲ್ಲ ಎಂದು ಲಾಯದವರಿಗೆಲ್ಲ ಗೊತ್ತು. "ಸಂಜಿಗಿ ಮನಿಗಿ ಬಂದು ಸೀರಿ ಬಿಚ್ಚಿದ್ರ ಉಡಿಯಾಗಿಂದ ಓಟ್ಸು ಬಿತ್ತುರಿ, ಚಾಪಿ ತುಂಬ. ಅದನ್ನ ಆರಸ್ಕೋತ ಇವರಿಗಿ ಎಲ್ಲಾ ಹೇಳ್ದೆ."

ಹಣಮಂತಪ್ಪ ಮೂರು ದಿನ ಮಾತಾಡಲಿಲ್ಲವಂತೆ. ನಾಲ್ಕನೆಯ ದಿನ ಹೆಂಡತಿಯ ಜೊತೆ ಲಾಯಕ್ಕೆ ಹೋಗಿ, "ಇನ್ ಮುಂದ ಯಾರ ಮಾರಿನೂ ನೋಡಬ್ಯಾಡ, ಗಮೇಲಾ ನೋಡು," ಎಂದರಂತೆ. ಬೆಳಗ್ಗೆ ಕಾಂತಾಬಾಯಿ ಯಾಕೆ ದೀಪ ಹಚ್ಚುವುದಿಲ್ಲ ಎಂದು ನನಗೆ ಆಗ ತಿಳಿಯಿತು.

ಶಿವಕಾಂತ ಲಗಾಮನ್ನು ಗೂಟಕ್ಕೆ ನೇತುಹಾಕುತ್ತಾರೆ. ವಾಹನ ಖಾಲಿಯೇ ಹೊರಟುಹೋಗುತ್ತದೆ.

ಇಂಥ ಕಥೆಗಳು ಮುಂದೆ ಹೇಗೆ ಹೋಗುತ್ತವೆ ಎಂದು ಓದುಗರಿಗೆ ಗೊತ್ತು. ಸಂಜೆಗೆ ಕುದುರೆಯ ಕಾಲು ಬಾತುಕೊಳ್ಳಬೇಕು, ಡಾಕ್ಟರು ಬಂದು ಕೈಮುಗಿಯಬೇಕು, ಊರು ಬಾಯಿ ಮೇಲೆ ಬೆರಳಿಡಬೇಕು. ನಾನೂ ಅದನ್ನೇ ಕಾಯುತ್ತ ಕೂತಿದ್ದೆ. ಅಂಥದೇನೂ ಆಗಲಿಲ್ಲ. ಆ ಸಂಜೆ ಚಾಂದನಿ ಗಮೇಲಾ ನೆಕ್ಕಿ ನೆಕ್ಕಿ ಖಾಲಿ ಮಾಡಿತು. ಸೋಮವಾರ ಸಾಫ್, ಮಂಗಳವಾರ ಸಾಫ್, ಬುಧವಾರ ಸಾಫ್. ಕಾಲಿಗೆ ಬಾವಿಲ್ಲ, ಮೈಗೆ ಜ್ವರವಿಲ್ಲ. ಅತ್ತ ಗಡಿಯಾಚೆಯ ಓಟವನ್ನು ಗೆದ್ದ ಕುದುರೆಯನ್ನು ಚಾಂದನಿ ಸಲೀಸಾಗಿ ಹಿಂದೆ ಹಾಕುತ್ತಿತ್ತು ಎಂದು ನೋಡಿ ಬಂದವರೆಲ್ಲ ಹೇಳಿದರು.

ಊರಿಗೆ ಇಷ್ಟು ಸಾಕು. ಗಾಂಧಿ ಗಂಜದಲ್ಲಿ ಹಮಾಲರು ಚಹಾ ಕುಡಿದು ಲೋಟ ಬೋರಲು ಹಾಕಿ, "ಸಾಫ್!" ಎಂದು ಕೂಗಿ ನಗತೊಡಗಿದರು. ಹೊಟ್ಟು ತರಲು ಹೋದ ಕಾಂತಾಬಾಯಿಯ ಎದುರಿಗೇ ಒಬ್ಬ ಹಾಗೆ ಕೂಗಿದ. ಅವರು ನಿಂತು ಅವನ ಲೋಟ ಎತ್ತಿ ನೋಡಿ, "ತಳದಾಗ ಸಕ್ಕರಿ ಉಳದದ," ಎಂದು ಹೊಟ್ಟಿನ ಚೀಲ ತಲೆಯ ಮೇಲಿಟ್ಟುಕೊಂಡು ಬಂದರು. ಶಿವಕಾಂತ ಮಾತ್ರ ನಾಲ್ಕು ದಿನ ಅವರೊಡನೆ ಮಾತು ಬಿಟ್ಟರು.

ಬುಧವಾರ ಮಧ್ಯಾಹ್ನ ಧೈರ್ಯ ಮಾಡಿ ನಾನು ಕೇಳಿಯೇಬಿಟ್ಟೆ. ನೀವು ಹೇಳಿದ್ದು ತಪ್ಪಾಗಿದ್ದರೆ? ಭಾಲಚಂದ್ರ ಮಾಸ್ತರರೂ ಪಕ್ಕದಲ್ಲಿದ್ದರು. ಕಾಂತಾಬಾಯಿ ಮೇವಿನ ಸಿವುಡು ಬಿಚ್ಚುತ್ತ ಯೋಚಿಸಿದರು.

"ತಪ್ಪಾಗಿರಬಹುದರಿ. ಕುದ್ರಿಗಿ ಒಂದಿನ ಬಾಯಿ ಕೆಟ್ಟಿರಬಹುದು. ಆದ್ರ ನೋಡ್ರಿ, ನಾ ಕೂಗಿದ್ದು ಸುಳ್ಳಾದ್ರ ನನ್ನ ಹೆಸರು ಹೋಗ್ತದ, ಮಂದಿ ನಗ್ತಾರ. ನಾ ಸುಮ್ಮನಿದ್ದು ಅದು ಖರೆ ಆದ್ರ ಕುದ್ರಿನೇ ಹೋಗ್ತದ. ಹೆಸರು ಹೋದ್ರ ನಾಲ್ಕು ದಿನ ಕೆಳಗ ಮಾರಿ ಮಾಡಿ ತಿರಗಾಡ್ತೇನಿ. ಕುದ್ರಿ ಹೋದ್ರ ಎಲ್ಲಿಂದ ತರ್ಲಿ?"

"ಮೂವತ್ತು ವರ್ಷ ಗೆಲ್ಲೋದು ಹ್ಯಾಂಗ ಅಂತ ಲೆಕ್ಕ ಹಾಕ್ದೆ," ಎಂದರು ಮಾಸ್ತರರು. "ಈಕಿ ಮೊದಲ ಏನು ಕಳಕೊಂಡ್ರ ತಡಕೊಳ್ಳಾಕ ಆಗ್ತದ ಅಂತ ನೋಡ್ತಾಳ. ನನಗ ಇದು ಹೊಳೀಲಿಲ್ಲ ನೋಡ್ರಿ." ಮುಂದಿನ ರೇಸಿಗೆ ಹೋಗುತ್ತೀರಾ ಎಂದರೆ ಮಾತ್ರ, ಹೋಗದೆ ಏನು ಎಂದು ನಕ್ಕರು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಗುರುವಾರ ಬೆಳಗ್ಗೆ ಐದೂಕಾಲಿಗೆ ನಾನು ಮತ್ತೆ ಲಾಯದಲ್ಲಿದ್ದೇನೆ. ಐದು ಕುದುರೆಗಳ ಕೂಗು ಮುಗಿದಿದೆ. ಕಾಂತಾಬಾಯಿ ಚಾಂದನಿಯ ಬಳಿ ಬರುವಷ್ಟರಲ್ಲಿ ಅಲ್ಲಿ ಆಗಲೇ ಶಿವಕಾಂತ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಗಮೇಲಾದೊಳಗೆ ಕೈಯಿಟ್ಟು ತಳವೆಲ್ಲ ಸವರಿ, ಅಭ್ಯಾಸವಿಲ್ಲದ ಗಂಟಲಿನಲ್ಲಿ ಕೂಗುತ್ತಾರೆ: "ಚಾಂದನಿ, ಸಾಫ್!"

ಕಾಂತಾಬಾಯಿ ಅವರ ಪಕ್ಕದಲ್ಲೇ ಕೂರುತ್ತಾರೆ. ತಮ್ಮ ಕೈಯನ್ನೂ ಒಳಗಿಟ್ಟು, ಅಂಚು ಮಡಿಸಿದ ಸಂದಿಯಲ್ಲಿ ಉಗುರು ಆಡಿಸುತ್ತಾರೆ. ಅಲ್ಲಿಂದ ಹುರುಳಿಯ ಒಂದು ಕಾಳು ತೆಗೆದು ಶಿವಕಾಂತರ ಅಂಗೈಯಲ್ಲಿಡುತ್ತಾರೆ.

"ಮತ್ತ ಕೂಗು," ಎನ್ನುತ್ತಾರೆ.

ಶಿವಕಾಂತ ಕಾಳನ್ನೂ ಅವರನ್ನೂ ನೋಡಿ, ನಗು ತಡೆದುಕೊಂಡು, ಲಾಯದ ಕೊನೆಗೂ ಕೇಳುವಂತೆ ಕೂಗುತ್ತಾರೆ. "ಚಾಂದನಿ, ಒಂದು ಕಾಳು ಉಳದದ!"

"ಹಾಂ," ಎನ್ನುತ್ತಾರೆ ಕಾಂತಾಬಾಯಿ, ಮೊಣಕಾಲಿಗೆ ಕೈಯೂರಿ ಏಳುತ್ತ. "ಈಗ ಖರೆ ಆತು ನೋಡು."