ಹೊರಟು ನಿಂತ ಅಧ್ಯಕ್ಷರು ತುಂಬಿದ ಕುರ್ಚಿ

ಅಬುಧಾಬಿಯ ನಮ್ಮ ಕನ್ನಡ ಬಳಗಕ್ಕೆ ಒಂದು ಹೈಕೋರ್ಟ್ ಇತ್ತು. ಬಳಗದೊಳಗೆ ಜಗಳವಾದರೆ ತೀರ್ಪು ಕೊಡಲು ಮೂವರು ಹಿರಿಯರು. ಹೈಕೋರ್ಟ್ ಎಂದು ನಾವು ತಮಾಷೆಗೆ ಕರೆದದ್ದು. ಪಾಪ, ಅವರು ನಿಜವೆಂದೇ ನಂಬಿಬಿಟ್ಟಿದ್ದರು. ಆ ವರ್ಷ ಅವರ ಮುಂದೆ ಇದ್ದದ್ದು ನನ್ನ ಕೇಸು.

ನಾನು ಖಾಲಿದಿಯಾದ ಒಂದು ಆಸ್ಪತ್ರೆಯಲ್ಲಿ ನರ್ಸ್. ಬಳಗದಲ್ಲಿ ಮಹಿಳಾ ವಿಭಾಗದವಳು. ಅಂದರೆ, ಗಂಡಸರು ವೇದಿಕೆಯ ಮೇಲೆ ಕನ್ನಡವನ್ನು ಉಳಿಸುವಾಗ, ಮನೆಯಿಂದ ಗೋಳಿಬಜೆ ಕರಿದು ತಂದು ಬಡಿಸುವವಳು. ಹತ್ತಾರು ವರ್ಷ ಬಡಿಸಿ ಸಾಕಾಗಿ, ಆ ಸಲ ಅಧ್ಯಕ್ಷ ಸ್ಥಾನದ ಚುನಾವಣೆಗೆ ನಿಂತೆ. ಅಧ್ಯಕ್ಷರು ನನ್ನ ನಾಮಪತ್ರವನ್ನು ತಿರಸ್ಕರಿಸಿದರು.

"ಸಿಸ್ಟರ್, ನಿಮಗೆ ಬೇರೆಯೇ ವಿಭಾಗ ಉಂಟಲ್ಲ, ಮತ್ತೆ ಇದೆಲ್ಲ ಎಂತಕ್ಕೆ?"

ವೀಸಾ ರದ್ದಾಗಿ ಅವರು ಊರಿಗೆ ಹೊರಟಿದ್ದರು. ಹೋಗುವ ಮುಂಚೆ ಹೆಂಡತಿಯ ತಮ್ಮನನ್ನು ಅಧ್ಯಕ್ಷನಾಗಿ ಕಾಣುವ ಆಸೆ.

ನಾನು ಹೈಕೋರ್ಟಿನ ಮೆಟ್ಟಿಲು ಹತ್ತಿದೆ. ಒಬ್ಬ ಹಿರಿಯರು ನನ್ನ ಪರ, ಇನ್ನೊಬ್ಬರು ವಿರುದ್ಧ. ಮೂರನೆಯವರು ಅಷ್ಟರಲ್ಲೇ ಗಲ್ಫ್ ಖಲಾಸ್ ಎಂದು ಊರು ಸೇರಿದ್ದರು. ಆ ಕುರ್ಚಿ ತುಂಬುವ ಹಕ್ಕು ಅಧ್ಯಕ್ಷರದು. ಆದರೆ ಪೆಟ್ಟಿಗೆ ಕಟ್ಟಿ ನಿಂತ ಅಧ್ಯಕ್ಷರದೂ ಹೌದೇ? ಹಿಂದೊಮ್ಮೆ ಅಮೆರಿಕದ ಅಧ್ಯಕ್ಷರೊಬ್ಬರು ಚುನಾವಣೆ ಹೊಸ್ತಿಲಲ್ಲಿರುವಾಗ ಅಲ್ಲಿನ ದೊಡ್ಡ ಕೋರ್ಟಿಗೆ ನ್ಯಾಯಾಧೀಶರನ್ನು ಆರಿಸಿದ ಸುದ್ದಿ ನೋಡಿ, ಬಳಗದ ಇದೇ ಅಧ್ಯಕ್ಷರು ನಮ್ಮ ಮನೆಯ ಸೋಫಾದಲ್ಲಿ ಕೂತು, ಮಾನ ಮರ್ಯಾದೆ ಇಲ್ಲದವರು ಎಂದು ಉಗಿದಿದ್ದರು. ಅಮೆರಿಕ ದೂರ ನೋಡಿ, ನ್ಯಾಯ ಸ್ಪಷ್ಟವಾಗಿ ಕಾಣುತ್ತದೆ.

ಹಮ್ದಾನ್ ಸ್ಟ್ರೀಟಿನ ಹೋಟೆಲೊಂದರ ಮಹಡಿಯಲ್ಲಿ ಸಭೆ ಸೇರಿತು. "ಮೂರನೆಯವರನ್ನು ಸಭೆಯೇ ಕೈಯೆತ್ತಿ ಆರಿಸಲಿ" ಎಂದೆ.

"ವಿಮಾನ ಹತ್ತುವವರೆಗೆ ನಾನೇ ಅಧ್ಯಕ್ಷ" ಎಂದರು ಅವರು. ಹಾಗೆಂದವರೇ ಹೈಕೋರ್ಟಿಗೆ ನನ್ನ ಗಂಡನನ್ನು ನೇಮಿಸಿಬಿಟ್ಟರು.

ಚಪ್ಪಾಳೆಯೋ ಚಪ್ಪಾಳೆ. ನನ್ನವರು ಮುಸಫ್ಫಾದ ವರ್ಕ್‌ಶಾಪೊಂದರಲ್ಲಿ ಸೂಪರ್‌ವೈಸರ್. ಅಲ್ಲಿ ಇಡೀ ದಿನ ಕಬ್ಬಿಣ ಬಗ್ಗಿಸುವವರು, ಇಲ್ಲಿ ಶಾಲು ಹೊದಿಸಿಕೊಳ್ಳಲು ತಾವೇ ಬಗ್ಗಿದರು. ನನ್ನ ಪರ ಹೇಳಿದರೆ ಹೆಂಡತಿಯ ಗುಲಾಮ. ಹೇಳದಿದ್ದರೆ ನಾನು ಸೋತೆ. ಅಧ್ಯಕ್ಷರ ಲೆಕ್ಕ ನನಗೆ ಆಗಲೇ ಗೊತ್ತಾಯಿತು.

"ಬೇಡ ಅಂತ ಹೇಳ್ಲಿಕ್ಕೆ ಬಾಯಿ ಇರ್ಲಿಲ್ವಾ ನಿಮ್ಗೆ?" ಎಂದು ಕಾರಿನಲ್ಲಿ ಕೇಳಿದೆ.

"ಎಂತ ಮಾಡುದು ಮಾರಾಯ್ತಿ, ಅಷ್ಟು ಜನರ ಎದುರು ಶಾಲು ಹಾಕಿದ್ರಲ್ಲ."

ಮುಂದಿನ ಶುಕ್ರವಾರ ನನ್ನವರು ಗಂಟಲು ಸರಿಪಡಿಸಿಕೊಂಡು ತೀರ್ಪು ಕೊಟ್ಟರು: "ಇದು ನಮ್ಮ ಮನೆಯ ವಿಷಯ. ಹಾಗಾಗಿ ನಾನು ಯಾರ ಪರವೂ ಇಲ್ಲ." ಒಂದಕ್ಕೊಂದು ಸಮವಾಯಿತು, ಸಮವಾದರೆ ಅಧ್ಯಕ್ಷರ ತೀರ್ಮಾನವೇ ಕೊನೆ. ನನಗೆ ಅಳು ಬಂತು. ಅಧ್ಯಕ್ಷರ ಕುತಂತ್ರಕ್ಕಲ್ಲ, ಅದು ನಿರೀಕ್ಷಿಸಿದ್ದೇ. ಮದುವೆಯಾದಂದಿನಿಂದ ನನ್ನ ಪಕ್ಕ ಮಲಗಿದ ಮನುಷ್ಯ ಒಂದು ಶಾಲಿಗೆ ಜಾರಿದ್ದಕ್ಕೆ.

ಚುನಾವಣೆಯ ದಿನ ಅದೇ ಮಹಡಿಗೆ ಮಹಿಳಾ ವಿಭಾಗ ಪೂರ್ತಿ ಬಂದಿತ್ತು. ಒಳ್ಳೊಳ್ಳೆಯ ಸೀರೆಯುಟ್ಟು, ಬರಿಗೈಯಲ್ಲಿ ಬಂದು, ಮುಂದಿನ ಸಾಲಿನಲ್ಲಿ ಕೂತಿತು. ಹಿಂದಿನ ಮೇಜಿನ ಮೇಲೆ ಬಿಳಿ ಹಾಸು ಬಿಟ್ಟರೆ ಏನೂ ಇರಲಿಲ್ಲ. ಭಾಷಣ ಮುಗಿಸಿದ ಅಧ್ಯಕ್ಷರು ಅತ್ತ ನೋಡಿ, ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ಚಾ ತಿಂಡಿ ಎಲ್ಲಿ ಸಿಸ್ಟರ್?"

"ಆ ಜಾಗ ಖಾಲಿ ಉಂಟು. ವಿಮಾನ ಹತ್ತುವವರೆಗೆ ನೀವೇ ಅಧ್ಯಕ್ಷರಲ್ವಾ? ಅದನ್ನೂ ತುಂಬಿ."

ಅವರು ನನ್ನವರತ್ತ ತಿರುಗಿದರು. ಬೇಡ ಎನ್ನಲು ಬಾರದ ಮನುಷ್ಯ ಈ ಸಲವೂ ಬೇಡವೆನ್ನಲಿಲ್ಲ. ಅಧ್ಯಕ್ಷರ ಹೆಂಡತಿಯ ತಮ್ಮ ಅವಿರೋಧವಾಗಿ ಗೆದ್ದು ಎಲ್ಲರೂ ಜೈ ಎನ್ನುತ್ತಿರುವಾಗ, ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಗಳು, ಶಾಲು ಹೆಗಲ ಮೇಲಿರುವಂತೆಯೇ, ಕೆಳಗಿನ ಹೋಟೆಲಿನಿಂದ ಚಹಾ ಹೊತ್ತು ಮೆಟ್ಟಿಲು ಹತ್ತಿ ಬರುತ್ತಿದ್ದರು. ನಾನು ಎರಡು ಕಪ್ ಕುಡಿದೆ.